ಸಭಾಂಗಣದ ಇಂಗ್ಲಿಷ್: ಯಾವ ಪದಕ್ಕೆ ಯಾವ ಜೋಡಿ?

ಪ್ರಶ್ನೆ: ಸಮ್ಮೇಳನ, ವಸ್ತುಪ್ರದರ್ಶನಗಳನ್ನು ಏರ್ಪಡಿಸುವ ಸಂಸ್ಥೆಯೊಂದಕ್ಕೆ ಹೊಸದಾಗಿ ಸೇರಿದ್ದೇನೆ. ಬೇರೆ ಬೇರೆ ದೇಶಗಳ ಸಭಾಂಗಣಗಳವರ ಜೊತೆ ಇಂಗ್ಲಿಷಿನಲ್ಲಿ ಪತ್ರವ್ಯವಹಾರ ಮಾಡಬೇಕು. ಪದಗಳು ಗೊತ್ತಿವೆ, ಆದರೆ ವಾಕ್ಯ ಬರೆದು ತೋರಿಸಿದರೆ 'ಹೀಗೆ ಹೇಳುವುದಿಲ್ಲ' ಎನ್ನುತ್ತಾರೆ ನಮ್ಮ ಮೇಡಂ. 'ವಿ ಹ್ಯಾವ್ ಕೆಪ್ಟ್ ಎ ಪ್ರೋಗ್ರಾಂ', 'ದಿ ಹಾಲ್ ಈಸ್ ಹ್ಯಾವಿಂಗ್ ಫೈವ್ ಹಂಡ್ರೆಡ್ ಸೀಟ್ಸ್ ಕೆಪ್ಯಾಸಿಟಿ' ಎಂದು ಬರೆದಿದ್ದೆ, ಎರಡನ್ನೂ ಹೊಡೆದುಹಾಕಿದರು. ಈಚೆಗೆ ಬಂದ ಒಂದು ಕೊಟೇಶನ್‌ನಲ್ಲಿ 'ಡ್ರೈ ಹೈರ್', 'ಸೆಕೆಂಡ್ ಆಪ್ಷನ್' ಎಂದಿತ್ತು, ತಲೆಬುಡ ತಿಳಿಯಲಿಲ್ಲ. 'ಆ್ಯಟ್' ಎಲ್ಲಿ, 'ಇನ್' ಎಲ್ಲಿ ಎಂಬ ಗೊಂದಲವಂತೂ ಇದ್ದೇ ಇದೆ. ಇವನ್ನೆಲ್ಲ ಪಟ್ಟಿ ಮಾಡಿ ಬಾಯಿಪಾಠ ಮಾಡಬೇಕೇ?

ಉತ್ತರ: ಪಟ್ಟಿ ಬೇಡ. ನಿಮ್ಮ ಮೇಡಂ ಹೊಡೆದುಹಾಕಿದ ಎರಡು ವಾಕ್ಯಗಳನ್ನೇ ಇನ್ನೊಮ್ಮೆ ನೋಡಿ. ಮುಖ್ಯವಾಗಿ ಎಡವಟ್ಟಾಗಿರುವುದು ಕ್ರಿಯಾಪದದಲ್ಲಿ. ನಾವು ಕಾರ್ಯಕ್ರಮ 'ಇಟ್ಟುಕೊಳ್ಳುತ್ತೇವೆ', ಆದ್ದರಿಂದ ಕೈ ತಾನಾಗಿ 'ಕೀಪ್' ಎಂದು ಬರೆಯುತ್ತದೆ. ಹಾಲಿಗೆ ಐನೂರು ಆಸನ 'ಇದೆ', ಆದ್ದರಿಂದ 'ಹ್ಯಾವಿಂಗ್'. ಇಂಗ್ಲಿಷಿನಲ್ಲಿ ಕಾರ್ಯಕ್ರಮಕ್ಕೆ ಒಗ್ಗುವ ಕ್ರಿಯಾಪದ 'ಹೋಲ್ಡ್': 'ವಿ ಆರ್ ಹೋಲ್ಡಿಂಗ್ ಎ ಕಾನ್ಫರೆನ್ಸ್ ಇನ್ ಮಾರ್ಚ್'. ಹೀಗೆ ಪದಗಳು ರೂಢಿಯಿಂದ ಜೋಡಿಯಾಗುವುದನ್ನು ಭಾಷಾಶಾಸ್ತ್ರದವರು 'ಕೊಲೊಕೇಶನ್' ಎನ್ನುತ್ತಾರೆ. ವ್ಯಾಕರಣದ ಪ್ರಕಾರ 'ಕೀಪ್' ತಪ್ಪಲ್ಲ, ಆದರೆ ಯಾರೂ ಹಾಗೆ ಹೇಳುವುದಿಲ್ಲ. ಹಾಗಾಗಿ ನೋಟ್‌ಬುಕ್ಕಿನಲ್ಲಿ ನಾಮಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ. ಅದರ ಹಿಂದೆ ಬರುವ ಕ್ರಿಯಾಪದವನ್ನೂ, ಸಾಧ್ಯವಾದರೆ ಆ ಕೆಲಸ ಮಾಡುವವರು ಯಾರೆಂಬುದನ್ನೂ ಸೇರಿಸಿ ಬರೆದುಕೊಳ್ಳಿ.

ಯಾರು ಮಾಡುತ್ತಾರೆ ಎಂಬುದು ಏಕೆ ಮುಖ್ಯ? 'ಹೋಲ್ಡ್' ಮತ್ತು 'ಹೋಸ್ಟ್' ನಡುವಿನ ವ್ಯತ್ಯಾಸ ನಿಂತಿರುವುದೇ ಅದರ ಮೇಲೆ. ಆಯೋಜಕರು ಕಾರ್ಯಕ್ರಮವನ್ನು 'ಹೋಲ್ಡ್' ಮಾಡುತ್ತಾರೆ. ಅದಕ್ಕೆ ಜಾಗ ಕೊಡುವ ಕಟ್ಟಡ, ನಗರ ಅಥವಾ ದೇಶ ಅದನ್ನು 'ಹೋಸ್ಟ್' ಮಾಡುತ್ತದೆ. 2025ರ ಚಾಂಪಿಯನ್ಸ್ ಟ್ರೋಫಿ ಕ್ರಿಕೆಟ್ ನೆನಪಿಸಿಕೊಳ್ಳಿ. ಅಧಿಕೃತ ಆತಿಥ್ಯ ಪಾಕಿಸ್ತಾನದ್ದು, ಆದರೆ ಭಾರತದ ಪಂದ್ಯಗಳು ದುಬೈನಲ್ಲಿ ನಡೆದವು, ಭಾರತ ಗೆದ್ದು ಬಂದದ್ದರಿಂದ ಫೈನಲ್ ಕೂಡ ಅಲ್ಲೇ ಆಯಿತು. ಇಂಗ್ಲಿಷಿನಲ್ಲಿ ಇದು ಸಲೀಸಾಗಿ ಬೇರ್ಪಡುತ್ತದೆ: 'ಪಾಕಿಸ್ತಾನ್ ಹೋಸ್ಟೆಡ್ ದಿ ಟೂರ್ನಮೆಂಟ್', 'ದಿ ಫೈನಲ್ ವಾಸ್ ಹೆಲ್ಡ್ ಇನ್ ದುಬೈ'. ಎರಡೂ ಕಡೆಯವರಿಗೆ ಸೇರದ ಅಂಥ ಜಾಗ 'ನ್ಯೂಟ್ರಲ್ ವೆನ್ಯೂ'. 'ಹೋಸ್ಟ್ ಕಂಟ್ರಿ', 'ಹೋಸ್ಟ್ ಸಿಟಿ' ಎಂಬ ಜೋಡಿಗಳೂ ಇಲ್ಲಿಂದಲೇ ಬಂದವು.

'ಸ್ಟೇಜ್' ಎಂಬ ಕ್ರಿಯಾಪದಕ್ಕೆ ಸ್ವಲ್ಪ ಭಾರ ಹೆಚ್ಚು. ನಾಟಕ, ದೊಡ್ಡ ಕ್ರೀಡಾಕೂಟ, ಪ್ರತಿಭಟನೆ ಇವಕ್ಕೆ ಅದು ಸರಿ, ಹತ್ತು ಜನರ ಮೀಟಿಂಗಿಗೆ ಬಳಸಿದರೆ ನಗು ಬರುತ್ತದೆ. 'ಪುಟ್ ಆನ್' ಪ್ರದರ್ಶನಕ್ಕೆ ಮತ್ತು ನಾಟಕಕ್ಕೆ, 'ರನ್' ಕಾರ್ಯಾಗಾರಕ್ಕೆ. 'ಕಂಡಕ್ಟ್ ಎ ಪ್ರೋಗ್ರಾಂ' ಎಂದು ನಮ್ಮವರು ಧಾರಾಳವಾಗಿ ಬರೆಯುತ್ತಾರೆ. ಹೊರಗಿನವರ ಕಿವಿಗೆ 'ಕಂಡಕ್ಟ್' ಒಗ್ಗುವುದು ಸಮೀಕ್ಷೆ, ಸಂದರ್ಶನ, ತನಿಖೆ, ಪರೀಕ್ಷೆಗಳ ಜೊತೆಗೆ. ಇನ್ನು 'ಟೇಕ್ ಪ್ಲೇಸ್'. ಇದರಲ್ಲಿ ಕಾರ್ಯಕ್ರಮವೇ ಕರ್ತೃ: 'ದಿ ಈವೆಂಟ್ ಟೇಕ್ಸ್ ಪ್ಲೇಸ್'. 'ಈಸ್ ಟೇಕನ್ ಪ್ಲೇಸ್' ಎಂಬ ರೂಪ ಇಲ್ಲವೇ ಇಲ್ಲ.

'ಪ್ರೋಗ್ರಾಂ' ಎಂಬ ಪದದ ಮೇಲೂ ಒಂದು ಕಣ್ಣಿರಲಿ. ನಮಗೆ ಯಾವ ಸಮಾರಂಭವಾದರೂ ಪ್ರೋಗ್ರಾಂ. ಹೊರಗೆ ಅದು ಟಿವಿ ಕಾರ್ಯಕ್ರಮ, ತರಬೇತಿ ಯೋಜನೆ, ಅಥವಾ ಯಾವ ಹೊತ್ತಿಗೆ ಏನು ಎಂದು ಅಚ್ಚು ಹಾಕಿಸಿದ ಹಾಳೆ. ಆದ್ದರಿಂದ 'ಈವೆಂಟ್' ಎನ್ನುವುದು ಕ್ಷೇಮ. ಹಾಗೆಯೇ ಮದುವೆ ನಡೆಯುವ ಜಾಗ 'ವೆಡಿಂಗ್ ವೆನ್ಯೂ'. 'ಮ್ಯಾರೇಜ್' ಎಂದರೆ ಆಮೇಲಿನ ಸಂಸಾರ. 'ವೆನ್ಯೂ' ಎಂದಮೇಲೆ 'ಪ್ಲೇಸ್' ಸೇರಿಸಬೇಡಿ, ಜಾಗ ಎಂಬ ಅರ್ಥ ಅದರಲ್ಲೇ ಇದೆ. ಫ್ರೆಂಚಿನಲ್ಲಿ 'ಬರುವುದು' ಎಂಬ ಅರ್ಥದ ಧಾತುವಿನಿಂದ ಬಂದ ಈ ಪದ ಇಂಗ್ಲಿಷಿನಲ್ಲಿ ಬಹುಕಾಲ ನ್ಯಾಯಾಲಯದ ಮಾತಾಗಿತ್ತು: ಮೊಕದ್ದಮೆಯ ವಿಚಾರಣೆ ಯಾವ ಪ್ರದೇಶದಲ್ಲಿ ನಡೆಯಬೇಕೋ ಅದು ವೆನ್ಯೂ. ಸಂಗೀತ ಮತ್ತು ಕ್ರೀಡೆಯ ಜಾಗ ಎಂಬ ಅರ್ಥ ಹತ್ತೊಂಬತ್ತನೆಯ ಶತಮಾನದ್ದು. 'ಚೇಂಜ್ ಆಫ್ ವೆನ್ಯೂ' ಈಗಲೂ ಎರಡೂ ಕಡೆ ಓಡಾಡುತ್ತದೆ. ನೀವು ಬರೆದರೆ ಸಭಾಂಗಣ ಬದಲಾಯಿತೆಂದು ಅರ್ಥ, ವಕೀಲರು ಬರೆದರೆ ಮೊಕದ್ದಮೆ ವರ್ಗಾವಣೆಯಾಯಿತೆಂದು.

ಈಗ ಆ ಐನೂರು ಆಸನದ ಹಾಲ್. ಇಂಗ್ಲಿಷಿನಲ್ಲಿ 'ಸೀಟ್' ಕ್ರಿಯಾಪದವೂ ಹೌದು. 'ದಿ ಹಾಲ್ ಸೀಟ್ಸ್ ಫೈವ್ ಹಂಡ್ರೆಡ್': ಇಷ್ಟರಲ್ಲೇ ಕೆಲಸ ಮುಗಿಯಿತು. 'ಹ್ಯಾಸ್ ಎ ಸೀಟಿಂಗ್ ಕೆಪ್ಯಾಸಿಟಿ ಆಫ್ ಫೈವ್ ಹಂಡ್ರೆಡ್' ಎಂದರೂ ಸರಿ. 'ಸಿಟ್ಟಿಂಗ್ ಕೆಪ್ಯಾಸಿಟಿ' ಬೇಡ. ವಿಶೇಷಣವಾಗಿ ಬಳಸುವಾಗ 'ಎ ಫೈವ್ ಹಂಡ್ರೆಡ್ ಸೀಟ್ ಆಡಿಟೋರಿಯಂ', ಸೀಟಿಗೆ ಬಹುವಚನದ 'ಸ್' ಬರುವುದಿಲ್ಲ. 'ಹೋಲ್ಡ್ಸ್' ಮತ್ತು 'ಅಕಾಮಡೇಟ್ಸ್' ಕೂಡ ನಡೆಯುತ್ತವೆ, ಆದರೆ ಅವಕ್ಕೂ 'ಸೀಟ್ಸ್'ಗೂ ಅರ್ಥದಲ್ಲಿ ಅಂತರವಿದೆ. 'ಸೀಟ್ಸ್' ಎಂದರೆ ಕೂತವರ ಲೆಕ್ಕ. 'ಹೋಲ್ಡ್ಸ್' ಎಂದಲ್ಲಿ ನಿಂತವರೂ ಸೇರಿರಬಹುದು. 'ಹೋಲ್ಡ್ಸ್ ಎಯ್ಟ್ ಹಂಡ್ರೆಡ್' ಎಂಬುದನ್ನು ಓದಿ ಎಂಟುನೂರು ಕುರ್ಚಿ ಇದೆ ಎಂದುಕೊಂಡರೆ ಕಷ್ಟ. ಯಾವಾಗಲೂ 'ಸೀಟೆಡ್ ಆರ್ ಸ್ಟ್ಯಾಂಡಿಂಗ್?' ಎಂದು ಕೇಳಿ.

ಈ ಎರಡು ಪದಗಳ ಹಿಂದೆ ದೊಡ್ಡ ಚರಿತ್ರೆಯೇ ಇದೆ. 1989ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಹಿಲ್ಸ್‌ಬರೊ ಮೈದಾನದಲ್ಲಿ, ನಿಂತು ನೋಡುವ ಭಾಗದ ನೂಕುನುಗ್ಗಲಿನಿಂದ 97 ಫುಟ್‌ಬಾಲ್ ಪ್ರೇಮಿಗಳು ಸತ್ತರು. ಆ ದುರಂತದ ಬಗ್ಗೆ ತನಿಖೆ ನಡೆದು ಮರುವರ್ಷ ಬಂದ ಟೇಲರ್ ವರದಿ, ದೊಡ್ಡ ಕ್ರೀಡಾಂಗಣಗಳಲ್ಲಿ ಪ್ರತಿ ಪ್ರೇಕ್ಷಕನಿಗೂ ಆಸನ ಇರಬೇಕೆಂದಿತು. 'ಆಲ್-ಸೀಟರ್ ಸ್ಟೇಡಿಯಂ' ಎಂಬ ಜೋಡಿ ಮನೆಮಾತಾದದ್ದು ಆಗ. 2007ರಲ್ಲಿ ತೆರೆದ ಲಂಡನ್ನಿನ ಹೊಸ ವೆಂಬ್ಲಿ ಕ್ರೀಡಾಂಗಣ 90,000 ಜನರ ಆಲ್-ಸೀಟರ್. ಕೆಲವು ವರ್ಷಗಳಿಂದ ಇಂಗ್ಲೆಂಡಿನ ಆಯ್ದ ಮೈದಾನಗಳಲ್ಲಿ ಕಂಬಿ ಹಾಕಿದ 'ಸೇಫ್ ಸ್ಟ್ಯಾಂಡಿಂಗ್' ವಿಭಾಗಗಳಿಗೆ ಮತ್ತೆ ಅನುಮತಿ ಸಿಕ್ಕಿದೆ. ಸಂಗೀತದ ಕಡೆ ನಿಲ್ಲುವುದು ಅವಮಾನವೇನಲ್ಲ. 1895ರಲ್ಲಿ ಶುರುವಾಗಿ 1941ರಿಂದ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆಯುತ್ತಿರುವ 'ಪ್ರಾಮ್ಸ್' ಸಂಗೀತೋತ್ಸವದಲ್ಲಿ 'ಸ್ಟ್ಯಾಂಡಿಂಗ್ ಟಿಕೆಟ್' ಒಂದು ಸಂಪ್ರದಾಯ. 'ಸ್ಟ್ಯಾಂಡಿಂಗ್ ರೂಂ ಓನ್ಲಿ' ಎಂಬುದು ಬೇರೆಯೇ: ಆಸನಗಳೆಲ್ಲ ಮುಗಿದವು, ನಿಲ್ಲುವುದಾದರೆ ಬನ್ನಿ ಎಂದು. ಅಲ್ಲಿ 'ರೂಂ' ಎಂದರೆ ಕೋಣೆಯಲ್ಲ, ಸ್ಥಳಾವಕಾಶ.

ಜನ ತುಂಬಿದ್ದನ್ನು ಹೇಳುವ ಜೋಡಿಗಳಲ್ಲಿ ನಮಗೆ ಚಿರಪರಿಚಿತವಾದದ್ದು 'ಹೌಸ್‌ಫುಲ್'. ಅದನ್ನು ನಾವು ತಿರುಗಿಸಿಕೊಂಡಿದ್ದೇವೆ. ಹೊರಗಿನವರು ಹೇಳುವುದು 'ಫುಲ್ ಹೌಸ್', ಅಥವಾ ಬರೀ 'ಸೋಲ್ಡ್ ಔಟ್'. ನಮ್ಮ ಬೋರ್ಡನ್ನು ಬದಲಾಯಿಸಿ ಎಂದು ನಾನು ಹೇಳುವುದಿಲ್ಲ, ಅದು ನಮ್ಮಲ್ಲಿ ಊರಿದ ಪದ. ಪತ್ರದಲ್ಲಿ ಮಾತ್ರ ಅವರ ಕ್ರಮ ಇರಲಿ. ರಂಗಭೂಮಿಯ ಇಂಗ್ಲಿಷಿನಲ್ಲಿ 'ಹೌಸ್' ಎಂದರೆ ಪ್ರೇಕ್ಷಕರು ಕೂರುವ ಭಾಗ, ಕೆಲವೊಮ್ಮೆ ಪ್ರೇಕ್ಷಕರೇ. ಇದೊಂದು ಗೊತ್ತಾದರೆ ಇಡೀ ಗುಂಪೇ ತೆರೆದುಕೊಳ್ಳುತ್ತದೆ. 'ಹೌಸ್ ಲೈಟ್ಸ್' ಪ್ರೇಕ್ಷಕರ ಕಡೆಯ ದೀಪಗಳು. 'ದಿ ಹೌಸ್ ಈಸ್ ಓಪನ್' ಎಂದರೆ ಜನರನ್ನು ಒಳಗೆ ಬಿಡಲು ಶುರುಮಾಡಿದ್ದಾರೆ, ಆದ್ದರಿಂದ ರಂಗದ ಮೇಲೆ ಓಡಾಡಬೇಡಿ. 'ಫ್ರಂಟ್ ಆಫ್ ಹೌಸ್' ಟಿಕೆಟ್, ಸ್ವಾಗತ, ಆಸನ ತೋರಿಸುವುದು ಮೊದಲಾಗಿ ಜನರಿಗೆ ಕಾಣುವ ಕೆಲಸಗಳು. 'ಪ್ಲೇ ಟು ಎ ಪ್ಯಾಕ್ಡ್ ಹೌಸ್' ಕಿಕ್ಕಿರಿದ ಸಭೆಗೆ ಆಡಿದ್ದು. 'ಬ್ರಿಂಗ್ ದಿ ಹೌಸ್ ಡೌನ್' ಎಂದರೆ ಕಟ್ಟಡಕ್ಕೆ ಏನೂ ಆಗಿಲ್ಲ, ಚಪ್ಪಾಳೆ ಮುಗಿಲು ಮುಟ್ಟಿದೆ. ಕ್ರೀಡೆಗೆ ಬಂದರೆ ಹೌಸ್ ಹೋಗಿ 'ಕ್ರೌಡ್' ಬರುತ್ತದೆ: 'ಎ ಕೆಪ್ಯಾಸಿಟಿ ಕ್ರೌಡ್', 'ಎ ಸೆಲ್-ಔಟ್ ಕ್ರೌಡ್'. ಜನರನ್ನು ಸೆಳೆಯುವುದಕ್ಕೆ 'ಡ್ರಾ ಎ ಕ್ರೌಡ್'. ಜನರೇ ಇಲ್ಲದೆ ನಡೆಸಿದರೆ 'ಬಿಹೈಂಡ್ ಕ್ಲೋಸ್ಡ್ ಡೋರ್ಸ್'. ಕೋವಿಡ್‌ನಿಂದ 2021ಕ್ಕೆ ಮುಂದೂಡಿದ ಟೋಕಿಯೊ ಒಲಿಂಪಿಕ್ಸಿನ ಬಹುಪಾಲು ಸ್ಪರ್ಧೆಗಳು ಹಾಗೆಯೇ ನಡೆದವು. ಇದನ್ನೇ ರಾಜಕೀಯದ ಸುದ್ದಿಯಲ್ಲಿ ಓದಿದರೆ ಗುಟ್ಟಿನ ಮಾತುಕತೆ ಎಂದರ್ಥ.

ಇನ್ನು ನೀವು ಎಡವಿದ ಕೊಟೇಶನ್. ಇಲ್ಲಿ ಜೋಡಿ ತಪ್ಪಾಗಿ ಅರ್ಥವಾದರೆ ಹಣ ಹೋಗುತ್ತದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. 'ಡ್ರೈ ಹೈರ್' ಎಂದರೆ ಬರಿಯ ಜಾಗ ಮಾತ್ರ ಬಾಡಿಗೆಗೆ. ಊಟ, ಸಿಬ್ಬಂದಿ, ಧ್ವನಿ, ಬೆಳಕು, ಎಷ್ಟೋ ಕಡೆ ಮೇಜು ಕುರ್ಚಿ ಕೂಡ ನಿಮ್ಮದೇ. ದರ ಕಡಿಮೆ ಕಾಣುವುದು ಅದಕ್ಕೇ. 'ಡ್ರೈ ಈವೆಂಟ್' ಎಂಬುದು ಬೇರೆ, ಮದ್ಯ ಇಲ್ಲದ ಕಾರ್ಯಕ್ರಮ. ಎರಡನ್ನೂ ಒಂದೇ ಎಂದುಕೊಂಡು 'ನಮಗೂ ಮದ್ಯ ಬೇಡ, ಡ್ರೈ ಹೈರ್ ಇರಲಿ' ಎಂದು ಒಪ್ಪಿದರೆ ಕಾರ್ಯಕ್ರಮದ ದಿನ ಖಾಲಿ ನೆಲ ಸಿಗುತ್ತದೆ. ಸಭಾಂಗಣದವರ ಅಡುಗೆಯವರೇ ಬಡಿಸಬೇಕೆಂದರೆ 'ಇನ್-ಹೌಸ್ ಕೇಟರಿಂಗ್'. ಹೊರಗಿನವರು ಬರಬಹುದು ಆದರೆ ಇವರು ಒಪ್ಪಿದವರೇ ಆಗಬೇಕೆಂದರೆ 'ಪ್ರಿಫರ್ಡ್ ಸಪ್ಲೈಯರ್ಸ್', ಇದು ಕೇಳಲು ಸಲಹೆಯಂತಿದ್ದರೂ ಹಲವೆಡೆ ಕಟ್ಟುನಿಟ್ಟು. 'ಎಕ್ಸ್‌ಕ್ಲೂಸಿವ್ ಯೂಸ್' ಎಂದು ಬರೆದಿದ್ದರೆ ಆ ದಿನ ಇಡೀ ಜಾಗ ನಿಮ್ಮದು. ಬರೆದಿಲ್ಲವಾದರೆ ಪಕ್ಕದ ಕೋಣೆಯಲ್ಲಿ ಇನ್ನೊಬ್ಬರ ಡೋಲು ಬಾರಿಸುತ್ತಿದ್ದರೂ ದೂರುವಂತಿಲ್ಲ.

'ಸೆಕೆಂಡ್ ಆಪ್ಷನ್' ಎಂಬುದನ್ನು 'ಎರಡನೆಯ ಆಯ್ಕೆ' ಎಂದು ಓದಿ, ಇನ್ನೊಂದು ಹಾಲ್ ತೋರಿಸುತ್ತಿದ್ದಾರೆ ಎಂದುಕೊಂಡಿರಬೇಕು ನೀವು. ಹಾಗಲ್ಲ. ಅದೇ ಹಾಲ್, ಅದೇ ದಿನ, ಆದರೆ ನಿಮಗಿಂತ ಮುಂಚೆ ಒಬ್ಬರು ಕಾದಿರಿಸಿಕೊಂಡಿದ್ದಾರೆ. ಅವರದು 'ಫಸ್ಟ್ ಆಪ್ಷನ್'. ಅವರು ಬಿಟ್ಟುಕೊಟ್ಟರೆ ನಿಮಗೆ. ಅಮೆರಿಕದಲ್ಲಿ, ಮುಖ್ಯವಾಗಿ ಸಂಗೀತ ಕಛೇರಿಗಳಲ್ಲಿ, ಇದನ್ನೇ 'ಫಸ್ಟ್ ಹೋಲ್ಡ್', 'ಸೆಕೆಂಡ್ ಹೋಲ್ಡ್' ಎನ್ನುತ್ತಾರೆ. ಎರಡನೆಯವರು ಹಣ ಕಟ್ಟಲು ಸಿದ್ಧರಾದರೆ ಮೊದಲನೆಯವರನ್ನು 'ಚಾಲೆಂಜ್' ಮಾಡಬಹುದು, ಆಗ ಮೊದಲನೆಯವರು ಗಡುವಿನೊಳಗೆ ಖಚಿತಪಡಿಸಬೇಕು, ಇಲ್ಲವೇ ದಿನವನ್ನು 'ರಿಲೀಸ್' ಮಾಡಬೇಕು. ನಿಮ್ಮ ದಿನ ಗಟ್ಟಿಯಾಗಬೇಕಾದರೆ ಪತ್ರದಲ್ಲಿ ಕಾಣಬೇಕಾದ ಜೋಡಿ 'ಕನ್‌ಫರ್ಮ್ಡ್ ಬುಕಿಂಗ್'. 'ಪ್ರೊವಿಜನಲ್ ಬುಕಿಂಗ್', 'ಪೆನ್ಸಿಲ್ಡ್ ಇನ್', 'ಸಬ್ಜೆಕ್ಟ್ ಟು ಅವೈಲಬಿಲಿಟಿ' ಇವು ಮೂರೂ ಗಟ್ಟಿಯಲ್ಲ. ಗಮನಿಸಿ, ಹಿಂದೆ ಬಂದ 'ಹೋಲ್ಡ್' ಇಲ್ಲಿ ಮೂರನೆಯ ಅವತಾರ ತಾಳಿದೆ: ಆಯೋಜಕರು ಕಾರ್ಯಕ್ರಮವನ್ನು ಹೋಲ್ಡ್ ಮಾಡುತ್ತಾರೆ, ಹಾಲ್ ಜನರನ್ನು ಹೋಲ್ಡ್ ಮಾಡುತ್ತದೆ, ವ್ಯವಸ್ಥಾಪಕರು ದಿನಾಂಕವನ್ನು ಹೋಲ್ಡ್ ಮಾಡುತ್ತಾರೆ.

ಬಾಡಿಗೆಗೆ ಬ್ರಿಟನ್ನಿನವರು 'ಹೈರ್ ಎ ಹಾಲ್' ಎಂದರೆ ಅಮೆರಿಕದವರು 'ರೆಂಟ್ ಎ ಹಾಲ್' ಎನ್ನುತ್ತಾರೆ, ಅಮೆರಿಕದಲ್ಲಿ ಹೈರ್ ಮಾಡುವುದು ಮುಖ್ಯವಾಗಿ ಮನುಷ್ಯರನ್ನು. ಮುಂಗಡ 'ಡಿಪಾಸಿಟ್', ಅದರ ಹಿಂದೆ 'ನಾನ್-ರಿಫಂಡಬಲ್' ಇದೆಯೇ ನೋಡಿ. 'ಮಿನಿಮಂ ಸ್ಪೆಂಡ್' ಎಂದರೆ ಬಾಡಿಗೆ ಬಿಟ್ಟರೂ ಊಟ ಉಪಚಾರಕ್ಕೆ ಇಷ್ಟು ಖರ್ಚು ಮಾಡಲೇಬೇಕೆಂಬ ಷರತ್ತು. ಬ್ರಿಟನ್ನಿನ 'ಡೇ ಡೆಲಿಗೇಟ್ ರೇಟ್'ನಲ್ಲಿ ಒಬ್ಬ ಪ್ರತಿನಿಧಿಗೆ ಇಡೀ ದಿನದ ಕೋಣೆ, ಊಟ, ಕಾಫಿ ಎಲ್ಲ ಸೇರಿದ ತಲಾ ದರ ಇರುತ್ತದೆ. ಹೋಟೆಲ್‌ಗಳ ದರದ ಪಕ್ಕ 'ಪ್ಲಸ್ ಪ್ಲಸ್' ಎಂದಿದ್ದರೆ ತೆರಿಗೆ ಒಂದು, ಸೇವಾಶುಲ್ಕ ಒಂದು, ಎರಡೂ ಮೇಲಿಂದ ಬೀಳುತ್ತವೆ. ಹೋಟೆಲಿನಲ್ಲಿ ಅತಿಥಿಗಳಿಗಾಗಿ 'ರೂಂ ಬ್ಲಾಕ್' ಮಾಡಿಸಿದರೆ 'ಅಟ್ರಿಷನ್' ಎಂಬ ಕಲಮನ್ನು ಹುಡುಕಿ ಓದಿ: ಒಪ್ಪಿಕೊಂಡದ್ದಕ್ಕಿಂತ ತೀರಾ ಕಡಿಮೆ ಕೋಣೆ ಬಳಸಿದರೆ ಕಟ್ಟಬೇಕಾದ ಹಣ ಅದು.

ಜಾಹೀರಾತಿನ ಜೋಡಿಗಳಿಗೆ ಬೇರೆಯೇ ಅರ್ಥಕೋಶ ಬೇಕು. 'ಬ್ಲಾಂಕ್ ಕ್ಯಾನ್ವಾಸ್' ಎಂದರೆ ಒಳಗೆ ಏನೂ ಇಲ್ಲ. 'ಇಂಟಿಮೇಟ್ ವೆನ್ಯೂ' ಎಂದರೆ ಚಿಕ್ಕದು. 'ಹಿಸ್ಟಾರಿಕ್ ಬಿಲ್ಡಿಂಗ್' ಚೆಂದವೇ, ಆದರೆ ಲಿಫ್ಟ್ ಇದೆಯೇ ಎಂದು ಕೇಳಿ. 'ಸ್ಟೇಟ್-ಆಫ್-ದಿ-ಆರ್ಟ್ ಫೆಸಿಲಿಟೀಸ್' ಎಂದು ಎಲ್ಲರೂ ಬರೆಯುವುದರಿಂದ ಅದಕ್ಕೆ ಅರ್ಥವೇ ಉಳಿದಿಲ್ಲ. 'ದಿ ವೆನ್ಯೂ ಬೋಸ್ಟ್ಸ್ ಸಿಕ್ಸ್ ಮೀಟಿಂಗ್ ರೂಮ್ಸ್' ಎಂಬ 'ಬೋಸ್ಟ್ಸ್' ಕರಪತ್ರದಲ್ಲಿ ಮಾತ್ರ ಬದುಕುವ ಪ್ರಾಣಿ; ನೀವು ಪತ್ರದಲ್ಲಿ 'ಹ್ಯಾಸ್' ಎಂದರೆ ಸಾಕು. 'ಆಂಪಲ್ ಪಾರ್ಕಿಂಗ್', 'ಆನ್-ಸೈಟ್ ಪಾರ್ಕಿಂಗ್' ಎರಡರಲ್ಲಿ ಎರಡನೆಯದೇ ನಂಬಿಕಸ್ಥ, ಮೊದಲನೆಯದು ಎಲ್ಲಿ ಎಂದು ಹೇಳುವುದೇ ಇಲ್ಲ. 'ವಿದಿನ್ ವಾಕಿಂಗ್ ಡಿಸ್ಟೆನ್ಸ್ ಆಫ್' ನೋಡಿದರೆ ಎಷ್ಟು ನಿಮಿಷ ಎಂದು ಕೇಳಿಬಿಡಿ.

ಕೋಣೆಯನ್ನು ಹೇಗೆ ಸಜ್ಜುಗೊಳಿಸಬೇಕೆಂದು ಹೇಳಲು ನಮ್ಮವರು 'ಸೀಟಿಂಗ್ ಅರೇಂಜ್‌ಮೆಂಟ್' ಎಂದು ನಿಲ್ಲಿಸುತ್ತಾರೆ. ಅದು ತಪ್ಪಲ್ಲ, ಆದರೆ ಎದುರಿನವರು ಕಾಯುವುದು ಒಂದು ಹೆಸರಿಗೆ. 'ಥಿಯೇಟರ್ ಸ್ಟೈಲ್'ನಲ್ಲಿ ಸಾಲು ಕುರ್ಚಿ ಮಾತ್ರ, ಹೆಚ್ಚು ಜನ ಹಿಡಿಯುತ್ತಾರೆ. 'ಕ್ಲಾಸ್‌ರೂಂ ಸ್ಟೈಲ್'ನಲ್ಲಿ ಮುಂದೆ ಬರೆಯಲು ಮೇಜು ಇರುತ್ತದೆ, ಜನ ಕಡಿಮೆಯಾಗುತ್ತಾರೆ. 'ಕ್ಯಾಬರೆ ಸ್ಟೈಲ್' ಎಂದಾಗ ಗಾಬರಿ ಬೇಡ, ಅದು ನೃತ್ಯವಲ್ಲ: ದುಂಡು ಮೇಜಿನ ಸುತ್ತ, ವೇದಿಕೆಯ ಕಡೆಗಿನ ಭಾಗ ಖಾಲಿ ಬಿಟ್ಟು ಕೂರಿಸುವುದು, ಯಾರೂ ವೇದಿಕೆಗೆ ಬೆನ್ನು ಹಾಕದಿರಲಿ ಎಂದು. ದೊಡ್ಡ ಸಭೆಯಿಂದ ಸಣ್ಣ ಗುಂಪುಗಳಾಗಿ ಹೋಗುವ ಕೋಣೆಗಳು 'ಬ್ರೇಕ್‌ಔಟ್ ರೂಮ್ಸ್'. ಕಲಾವಿದರು ಕಾಯುವ 'ಗ್ರೀನ್ ರೂಂ' ಹಸಿರಾಗಿರಬೇಕೆಂದೇನಿಲ್ಲ. ವಸ್ತುಪ್ರದರ್ಶನದ ಮಳಿಗೆಯನ್ನು ನಾವು 'ಸ್ಟಾಲ್' ಎನ್ನುತ್ತೇವೆ. ವ್ಯಾಪಾರ ಮೇಳಗಳಲ್ಲಿ ಬ್ರಿಟನ್ನಿನವರಿಗೆ ಅದು 'ಸ್ಟ್ಯಾಂಡ್', ಅಮೆರಿಕದವರಿಗೆ 'ಬೂತ್'. ಬ್ರಿಟನ್ನಿನ ನಾಟಕಮಂದಿರದಲ್ಲಿ 'ದಿ ಸ್ಟಾಲ್ಸ್' ಎಂದರೆ ನೆಲಮಟ್ಟದ ಆಸನಗಳು, ಅವನ್ನೇ ಅಮೆರಿಕದವರು 'ಆರ್ಕೆಸ್ಟ್ರಾ' ಎನ್ನುತ್ತಾರೆ. 'ಆರ್ಕೆಸ್ಟ್ರಾ ಸೀಟ್' ಎಂದು ಟಿಕೆಟ್‌ನಲ್ಲಿದ್ದರೆ ವಾದ್ಯಗಾರರ ನಡುವೆ ಕೂರಿಸುವುದಿಲ್ಲ.

ಸಾಮಾನು ಒಳಗೆ ತಂದು ಜೋಡಿಸುವುದಕ್ಕೂ ಹೊರಗೆ ಸಾಗಿಸುವುದಕ್ಕೂ ದೇಶಕ್ಕೊಂದು ಮಾತು. ಬ್ರಿಟನ್ನಿನ ರಂಗಭೂಮಿಯಲ್ಲಿ 'ಗೆಟ್-ಇನ್', 'ಗೆಟ್-ಔಟ್'. ಅಮೆರಿಕದಲ್ಲಿ 'ಲೋಡ್-ಇನ್', 'ಲೋಡ್-ಔಟ್'. ಆಸ್ಟ್ರೇಲಿಯಾದಲ್ಲಿ 'ಬಂಪ್-ಇನ್', 'ಬಂಪ್-ಔಟ್'. ಕೊಟೇಶನ್‌ನಲ್ಲಿ ಕಂಡರೆ ಆ ಗಂಟೆಗಳೂ ಬಾಡಿಗೆಯಲ್ಲಿ ಸೇರಿವೆಯೇ ಎಂದು ಖಚಿತಪಡಿಸಿಕೊಳ್ಳಿ. ಮುಂಚಿತವಾಗಿ ಹೋಗಿ ಜಾಗ ನೋಡುವುದು 'ಸೈಟ್ ವಿಸಿಟ್'. 'ಕರ್ಫ್ಯೂ' ಕಂಡು ಬೆಚ್ಚಬೇಡಿ, ಸಂಗೀತ ನಿಲ್ಲಿಸಬೇಕಾದ ಗಂಟೆ ಅಷ್ಟೇ.

ಗಾಲಿಕುರ್ಚಿಯಲ್ಲಿ ಬರುವವರ ಅನುಕೂಲದ ಬಗ್ಗೆ ಕೇಳುವಾಗ 'ಹ್ಯಾಂಡಿಕ್ಯಾಪ್ಡ್' ಎಂಬ ಹಳೆಯ ಪದ ಬಿಟ್ಟುಬಿಡಿ. 'ಈಸ್ ದಿ ವೆನ್ಯೂ ವೀಲ್‌ಚೇರ್ ಆ್ಯಕ್ಸೆಸಿಬಲ್?' ಎಂದು ಕೇಳಿ, ಜೊತೆಗೆ ಮೆಟ್ಟಿಲಿಲ್ಲದ ದಾರಿಗೆ 'ಸ್ಟೆಪ್-ಫ್ರೀ ಆ್ಯಕ್ಸೆಸ್' ಇದೆಯೇ, ಶ್ರವಣಯಂತ್ರ ಬಳಸುವವರಿಗೆ 'ಹಿಯರಿಂಗ್ ಲೂಪ್' ಇದೆಯೇ ಎಂದೂ ಕೇಳಿ. ಬರೀ 'ಆ್ಯಕ್ಸೆಸಿಬಲ್' ಎಂದರೆ ಬಸ್ಸು ಸಿಗುತ್ತದೆ ಎಂದು ಉತ್ತರಿಸುವವರೂ ಇದ್ದಾರೆ.

ಒಂದು ಜೋಡಿ ನಿಜಕ್ಕೂ ಬಳಕೆಯಲ್ಲಿದೆಯೇ ಎಂಬ ಅನುಮಾನ ಬಂದಾಗ ನಿಘಂಟಿಗಿಂತ ಕಾರ್ಪಸ್ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಅಂದರೆ ನಿಜವಾದ ಬರಹ ಮತ್ತು ಮಾತುಗಳ ಭಾರೀ ಸಂಗ್ರಹ. ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ ಸುಮಾರು 10 ಕೋಟಿ ಪದಗಳಿವೆ, ಸಮಕಾಲೀನ ಅಮೆರಿಕನ್ ಇಂಗ್ಲಿಷಿನ ಕಾರ್ಪಸ್‌ನಲ್ಲಿ 100 ಕೋಟಿಗೂ ಹೆಚ್ಚು. ಎರಡನ್ನೂ ಇಂಟರ್‌ನೆಟ್‌ನಲ್ಲಿ ಹುಡುಕಬಹುದು. 'ಹೋಲ್ಡ್ ಎ ಕಾನ್ಫರೆನ್ಸ್' ಎಷ್ಟು ಸಲ ಬಂದಿದೆ, 'ಕೀಪ್ ಎ ಕಾನ್ಫರೆನ್ಸ್' ಎಷ್ಟು ಸಲ ಎಂದು ನೀವೇ ಹುಡುಕಿ ನೋಡಿ.

ಕೊನೆಗೆ 'ಆ್ಯಟ್', 'ಇನ್'. ಜಾಗವನ್ನು ನಕ್ಷೆಯ ಮೇಲಿನ ಚುಕ್ಕೆಯಾಗಿ, ಎಲ್ಲರೂ ಹೋಗಿ ಸೇರುವ ತಾಣವಾಗಿ ನೋಡಿದರೆ 'ಆ್ಯಟ್': 'ಆ್ಯಟ್ ದಿ ಸ್ಟೇಡಿಯಂ', 'ಹೆಲ್ಡ್ ಆ್ಯಟ್ ದಿ ಆಲ್ಬರ್ಟ್ ಹಾಲ್'. ಅದರ ಒಳಗಿನ ಒಂದು ಕೋಣೆಯನ್ನು ಹೇಳುವಾಗ 'ಇನ್': 'ಇನ್ ದಿ ಮೇನ್ ಹಾಲ್', 'ಇನ್ ರೂಂ ಟೂ'. ಊರಿನ ಹೆಸರಿಗೂ ಸಾಮಾನ್ಯವಾಗಿ 'ಇನ್'. ವೇದಿಕೆ, ಆಟದ ಅಂಕಣ, ಮಹಡಿ ಮೊದಲಾದ ಮೇಲ್ಮೈಗಳಿಗೆ 'ಆನ್': 'ಆನ್ ಸ್ಟೇಜ್', 'ಆನ್ ದಿ ಪಿಚ್', 'ಆನ್ ದಿ ಸೆಕೆಂಡ್ ಫ್ಲೋರ್'. ಆಹ್ವಾನದಲ್ಲಿ ಇವು ಸಾಲಾಗಿ, ಚಿಕ್ಕದರಿಂದ ದೊಡ್ಡದಕ್ಕೆ ಬರುತ್ತವೆ: ಇನ್ ಇಂಥ ಕೋಣೆ, ಆನ್ ಇಂಥ ಮಹಡಿ, ಆ್ಯಟ್ ಇಂಥ ಸಭಾಂಗಣ, ಇನ್ ಇಂಥ ಊರು. ಮಹಡಿಯ ಸಂಖ್ಯೆ ಬರೆಯುವ ಮುಂಚೆ ಒಂದು ವಿಷಯ ಕೇಳಿಟ್ಟುಕೊಳ್ಳಿ: ಬ್ರಿಟನ್ನಿನ 'ಫಸ್ಟ್ ಫ್ಲೋರ್' ಅಮೆರಿಕದವರಿಗೆ 'ಸೆಕೆಂಡ್ ಫ್ಲೋರ್'.